ಪುಣೆಯಲ್ಲಿ ಓದ್ತಾ ಇರೋರು ಟಂಡ್ರಾ ಫೀಲ್ಡ್‌ವರ್ಕ್‌ಗೆ ಹೋಗೋದು ಹೇಗೆ?

ಪ್ರಶ್ನೆ: ಮೇಡಂ, ನಾನು ಪುಣೆಯಲ್ಲಿ ಎನ್ವಿರಾನ್‌ಮೆಂಟಲ್ ಸೈನ್ಸ್ ಎಂ.ಎಸ್ಸಿ. ಎರಡನೇ ವರ್ಷ, ಊರು ಬೆಳಗಾವಿ ಹತ್ರ. ಟಂಡ್ರಾ ಇಕಾಲಜಿಯಲ್ಲಿ, ಅಂದ್ರೆ ಮರ ಬೆಳೆಯದ ಆ ಚಳಿ ಪ್ರದೇಶದ ಗಿಡ-ಮಣ್ಣಿನ ಅಧ್ಯಯನದಲ್ಲಿ, ಪಿಎಚ್.ಡಿ. ಮಾಡ್ಬೇಕು, ಅಲ್ಲಿಗೆ ಹೋಗಿ ಕೆಲಸ ಮಾಡ್ಬೇಕು ಅಂತ ತುಂಬಾ ಆಸೆ ಇದೆ. ನಮ್ಮ ಡಿಪಾರ್ಟ್‌ಮೆಂಟಲ್ಲಿ ಆ ಕಡೆ ಕೆಲಸ ಮಾಡಿದೋರು ಯಾರೂ ಇಲ್ಲ. ಮನೇಲಿ ಅಷ್ಟು ದುಡ್ಡಿಲ್ಲ, ಅಪ್ಪ-ಅಮ್ಮ ಬೇರೆ ಹೆದರ್ತಾರೆ, ನಾನು ಹಿಮವನ್ನೇ ನೋಡಿಲ್ಲ. ಆರ್ಕ್ಟಿಕ್‌ನಲ್ಲಿರೋ ಭಾರತದ ಹಿಮಾದ್ರಿ ಸ್ಟೇಷನ್‌ಗೆ ಸ್ಟೂಡೆಂಟ್ಸ್‌ನ ತಗೋತಾರಾ? ಎಲ್ಲಿಂದ ಶುರು ಮಾಡ್ಲಿ?

ಉತ್ತರ:

ಹಿಮಾದ್ರಿ ಪ್ರಶ್ನೆಯನ್ನೇ ಮೊದಲು ತಗೋತೀನಿ, ಯಾಕಂದ್ರೆ ನನ್ನ ಹತ್ರ ಬರೋ ಹತ್ತು ಮಕ್ಕಳಲ್ಲಿ ಒಂಬತ್ತು ಜನ ಇದನ್ನೇ ಕೇಳ್ತಾರೆ. ಸ್ಟೂಡೆಂಟ್ಸ್ ಹೋಗ್ತಾರೆ, ಆದ್ರೆ ಅವರೇ ನೇರವಾಗಿ ಅರ್ಜಿ ಹಾಕ್ಕೊಂಡು ಹೋಗೋದಲ್ಲ. ನಮ್ಮ ಗೋವಾದ ವಾಸ್ಕೋದ ಹೆಡ್‌ಲ್ಯಾಂಡ್ ಸಡಾ ಮೇಲಿರೋ ಎನ್‌ಸಿಪಿಒಆರ್, ಅಂದ್ರೆ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಭಾರತದ ಆರ್ಕ್ಟಿಕ್ ಎಕ್ಸ್‌ಪೆಡಿಷನ್‌ಗಳನ್ನ ನಡೆಸೋದು ಅವರೇ, 2008ರಲ್ಲಿ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ನ್ಯೂ ಓಲೆಸುಂಡ್‌ನಲ್ಲಿ ಹಿಮಾದ್ರಿ ಶುರು ಮಾಡಿದ್ದೂ ಅವರೇ. ಅವರು ಪ್ರಾಜೆಕ್ಟ್ ಪ್ರಸ್ತಾವನೆ ಕರೀತಾರೆ, ಅದಕ್ಕೆ ಯಾವುದೋ ಯೂನಿವರ್ಸಿಟಿ ಅಥವಾ ಸಂಸ್ಥೆಯ ಪ್ರೊಫೆಸರೋ ವಿಜ್ಞಾನಿಯೋ ಅರ್ಜಿ ಹಾಕ್ತಾರೆ, ಅದು ಪರಿಶೀಲನೆಯಲ್ಲಿ ಪಾಸ್ ಆದ್ರೆ ಆ ಪ್ರೊಫೆಸರ್ ತಮ್ಮ ಟೀಮಿನ ಪಿಎಚ್.ಡಿ. ಹುಡುಗರನ್ನೋ ಹುಡುಗಿಯರನ್ನೋ ಕರ್ಕೊಂಡು ಹೋಗ್ತಾರೆ ಇಲ್ಲಾ ಕಳಿಸ್ತಾರೆ, ಮೆಡಿಕಲ್ ಟೆಸ್ಟ್ ಎಲ್ಲ ಆಮೇಲೆ. ಹಾಗಾಗಿ ನೀವು ಹುಡುಕಬೇಕಾಗಿರೋದು ಸ್ಟೇಷನ್ ಅಲ್ಲ, ಗೈಡ್. ಆರ್ಕ್ಟಿಕ್ ಪ್ರಾಜೆಕ್ಟ್ ಈಗಾಗ್ಲೇ ಕೈಯಲ್ಲಿರೋ ಅಥವಾ ಬರೆಯೋಕೆ ತಯಾರಿರೋ ಗೈಡ್. ಎಂ.ಎಸ್ಸಿ. ಹಂತದಲ್ಲೇ ಹೋಗೋದು ಅಪರೂಪ, ಅದರ ಮೇಲೆ ಆಸೆ ಇಟ್ಕೊಂಡು ಒಂದು ವರ್ಷ ಕಳೀಬೇಡಿ.

ಇನ್ನೊಂದು ವಿಷಯ, 2023ರ ಡಿಸೆಂಬರಿಂದ ಭಾರತ ಚಳಿಗಾಲದಲ್ಲೂ ಅಲ್ಲಿಗೆ ಟೀಮ್ ಕಳಿಸೋಕೆ ಶುರು ಮಾಡಿದೆ, 2022ರಲ್ಲಿ ದೇಶದ ಆರ್ಕ್ಟಿಕ್ ಪಾಲಿಸಿ ಬಂದಿದೆ. ಅಂದ್ರೆ ಬಾಗಿಲು ಮುಂಚೆಗಿಂತ ಅಗಲ ಆಗಿದೆ. ಆದ್ರೆ ಅಲ್ಲಿ ನಡೆಯೋ ಭಾರತದ ಕೆಲಸದಲ್ಲಿ ಸಮುದ್ರ, ಗ್ಲೇಸಿಯರ್, ವಾತಾವರಣ, ಸೂಕ್ಷ್ಮಜೀವಿ ಇವೇ ಹೆಚ್ಚು. ನೆಲದ ಮೇಲಿನ ಗಿಡ-ಮಣ್ಣಿನ ಇಕಾಲಜಿ ಮಾಡೋರು ಕಮ್ಮಿ. ಇದು ನಿಮಗೆ ತೊಂದರೆನೂ ಹೌದು, ಅವಕಾಶನೂ ಹೌದು.

ಈಗ ಮುಖ್ಯ ಮಾತಿಗೆ ಬರ್ತೀನಿ. ನೀವು 'ಅಲ್ಲಿಗೆ ಹೋಗಿ ಕೆಲಸ ಮಾಡ್ಬೇಕು' ಅಂತ ಬರೆದಿದೀರಲ್ಲ, ಆ ಕೆಲಸ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು, ಅದು ಗೊತ್ತಾದ್ರೆ ಉಳಿದ ದಾರಿ ತಾನಾಗೇ ಕಾಣುತ್ತೆ. ಟಂಡ್ರಾ ಇಕಾಲಜಿಯಲ್ಲಿ ಒಬ್ಬರೇ ಹೋಗಿ ಒಂದು ಬೇಸಿಗೆಯಲ್ಲಿ ಏನೋ ಕಂಡುಹಿಡಿದು ಬರೋದು ಅನ್ನೋದು ಇಲ್ಲವೇ ಇಲ್ಲ ಅನ್ನಬಹುದು. ಅಲ್ಲಿ ಎಲ್ಲವೂ ನಿಧಾನ. ಪೋಲಾರ್ ವಿಲ್ಲೋ ಅನ್ನೋ ಗಿಡ ಇದೆ, ವಿಲ್ಲೋ ಅಂದ್ರೆ ಮರ ಅಂದ್ಕೋತೀವಿ, ಅದು ನೆಲಕ್ಕೆ ಅಂಟ್ಕೊಂಡು ಬೆರಳಿನಷ್ಟೂ ಎತ್ತರ ಬರಲ್ಲ, ಅದರಲ್ಲಿ ಒಂದು ವರ್ಷದ ಬೆಳವಣಿಗೆ ಅಳೆಯೋಕೆ ಮಿಲಿಮೀಟರ್ ಲೆಕ್ಕ ಬೇಕು. ಇಂಥ ಜಾಗದಲ್ಲಿ ಒಂದು ವರ್ಷದ ಅಳತೆಗೆ ಅರ್ಥ ಬರೋದು ಅದರ ಹಿಂದೆ ಇಪ್ಪತ್ತು ವರ್ಷದ ಅಳತೆ ಇದ್ರೆ ಮಾತ್ರ. ಅದಕ್ಕೇ ಅಲ್ಲಿ ಹಳೇ ಪ್ಲಾಟ್‌ಗಳೇ, ಅಂದ್ರೆ ಮತ್ತೆ ಮತ್ತೆ ಅಳೆಯೋಕೆ ಗುರುತು ಮಾಡಿಟ್ಟ ನೆಲದ ತುಂಡುಗಳೇ, ಆಸ್ತಿ, ಬರೋ ಸ್ಟೂಡೆಂಟ್ ಆ ಸರಣಿಗೆ ತನ್ನದೊಂದು ವರ್ಷ, ಎರಡು ವರ್ಷ ಸೇರಿಸ್ತಾಳೆ, ಅದರೊಳಗೇ ತನ್ನ ಪ್ರಶ್ನೆಯನ್ನೂ ಹುಡುಕ್ಕೋತಾಳೆ.

ಇದರ ದೊಡ್ಡ ಉದಾಹರಣೆ ಐಟೆಕ್ಸ್, ಇಂಟರ್‌ನ್ಯಾಷನಲ್ ಟಂಡ್ರಾ ಎಕ್ಸ್‌ಪೆರಿಮೆಂಟ್, 1990ರಲ್ಲಿ ಶುರುವಾಗಿದ್ದು. ಅದರ ಸಲಕರಣೆ ನೋಡಿದ್ರೆ ಇಷ್ಟೇನಾ ಅನ್ಸುತ್ತೆ: ಆರು ಮೂಲೆಯ, ಮೇಲ್ಗಡೆ ತೆರೆದ, ಒಳಗಡೆ ವಾಲಿದ ಗೋಡೆಗಳಿರೋ ಪಾರದರ್ಶಕ ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸ್ ಚೌಕಟ್ಟು, ಓಪನ್ ಟಾಪ್ ಚೇಂಬರ್ ಅಂತಾರೆ. ಕರೆಂಟಿಲ್ಲ, ಹೀಟರಿಲ್ಲ. ಗಾಳಿ ತಡೆದು, ಬಿಸಿಲು ಒಳಗೆ ಬಿಟ್ಟು, ಒಳಗಿನ ಗಾಳಿಯನ್ನ ಸುಮಾರು 1ರಿಂದ 3 ಡಿಗ್ರಿ ಬೆಚ್ಚಗೆ ಇಡುತ್ತೆ ಅಷ್ಟೇ. ಇದನ್ನ ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್, ಸ್ವಾಲ್‌ಬಾರ್ಡ್, ಸ್ವೀಡನ್, ಹೀಗೆ ಎಷ್ಟೋ ಕಡೆ ಒಂದೇ ಪದ್ಧತಿಯಲ್ಲಿ ಇಟ್ಟು, ಪಕ್ಕದಲ್ಲಿ ಚೇಂಬರ್ ಇಲ್ಲದ ಪ್ಲಾಟ್ ಇಟ್ಟು, ಎರಡನ್ನೂ ವರ್ಷಗಟ್ಟಲೆ ಹೋಲಿಸ್ತಾ ಬಂದಿದಾರೆ. ಬೆಚ್ಚಗಾದ್ರೆ ಪೊದೆಗಳು ಹೆಚ್ಚಾಗ್ತವೆ, ಗಿಡಗಳು ಎತ್ತರ ಆಗ್ತವೆ, ಹಾವಸೆ ಮತ್ತು ಶಿಲೀಂಧ್ರ-ಪಾಚಿ ಒಟ್ಟಿಗೆ ಸೇರಿ ಬೆಳೆಯೋ ಲೈಕೆನ್ ಕಮ್ಮಿ ಆಗ್ತವೆ ಅಂತ ನಾವು ಇವತ್ತು ಧೈರ್ಯವಾಗಿ ಹೇಳೋದು ಈ ಪ್ಲಾಟ್‌ಗಳಿಂದಲೇ. 2024ರಲ್ಲಿ ಬಂದ ಒಂದು ಅಧ್ಯಯನ ಇಂಥ 28 ಜಾಗಗಳ 56 ಪ್ರಯೋಗಗಳನ್ನ ಒಟ್ಟಿಗೆ ಸೇರಿಸಿ ನೋಡ್ತು, ಗಾಳಿ ಸರಾಸರಿ 1.4 ಡಿಗ್ರಿ ಬಿಸಿಯಾದ್ರೆ ಗಿಡ-ಮಣ್ಣು ಸೇರಿ ಉಸಿರಾಡಿ ಹೊರಗೆ ಬಿಡೋ ಇಂಗಾಲ ಸುಮಾರು 30 ಪರ್ಸೆಂಟ್ ಜಾಸ್ತಿ ಆಗುತ್ತೆ ಅಂತ ಬಂತು. ಉತ್ತರದ ಪರ್ಮಾಫ್ರಾಸ್ಟ್ ನೆಲದಲ್ಲಿ, ಅಂದ್ರೆ ವರ್ಷವಿಡೀ ಹೆಪ್ಪುಗಟ್ಟಿರೋ ನೆಲದಲ್ಲಿ, ಈಗ ವಾತಾವರಣದಲ್ಲಿರೋ ಇಂಗಾಲದ ಹತ್ರ ಹತ್ರ ಎರಡರಷ್ಟು ಕೂತಿದೆ, 1979ರಿಂದೀಚೆಗೆ ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಹೆಚ್ಚುಕಮ್ಮಿ ನಾಲ್ಕು ಪಟ್ಟು ವೇಗದಲ್ಲಿ ಬಿಸಿ ಆಗ್ತಿದೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಯೋಚಿಸಿ, ಆ 30 ಪರ್ಸೆಂಟ್ ಯಾಕೆ ನಮ್ಮೆಲ್ಲರ ನಿದ್ದೆ ಕೆಡಿಸುತ್ತೆ ಅಂತ ಗೊತ್ತಾಗುತ್ತೆ.

ಫೀಲ್ಡಲ್ಲಿ ದಿನ ಹೇಗಿರುತ್ತೆ ಅಂತಂದ್ರೆ, ಒಂದು ಚದರ ಮೀಟರ್ ಫ್ರೇಮ್, ಅದರಲ್ಲಿ ಅಡ್ಡ-ಉದ್ದ ದಾರ ಕಟ್ಟಿ ನೂರು ಬಿಂದು ಮಾಡಿರ್ತಾರೆ. ಪ್ರತಿ ಬಿಂದುವಿಂದ ಒಂದು ತೆಳು ಕಡ್ಡಿ ನೇರ ಕೆಳಗೆ ಇಳಿಸ್ತಾ ಹೋಗ್ಬೇಕು, ಅದು ತಾಗಿದ ಮೊದಲ ಎಲೆ ಯಾವ ಜಾತಿದು, ಜೀವಂತನಾ ಒಣಗಿದ್ದಾ, ಎಷ್ಟು ಎತ್ತರದಲ್ಲಿ ತಾಗ್ತು, ಕೊನೇಗೆ ನೆಲದಲ್ಲಿ ಹಾವಸೆನಾ ಲೈಕೆನ್ನಾ ಬರೀ ಮಣ್ಣಾ, ಒಬ್ರು ಹೇಳ್ಬೇಕು ಇನ್ನೊಬ್ರು ಬರ್ಕೋಬೇಕು. ಒಂದು ಪ್ಲಾಟಿಗೆ ಗಂಟೆಗಟ್ಟಲೆ ಹಿಡಿಯುತ್ತೆ, ಅಷ್ಟೊತ್ತೂ ಒದ್ದೆ ನೆಲದ ಮೇಲೆ ಮಂಡಿ ಊರಿ ಬಗ್ಗಿರಬೇಕು, ಅಲಾಸ್ಕಾ ಕಡೆ ಆದ್ರೆ ಮುಖದ ಸುತ್ತ ಸೊಳ್ಳೆ ಮೋಡದ ಥರ ಇರುತ್ತೆ. ಹಲಗೆ ಹಾಕಿರೋ ಕಡೆ ಮಾತ್ರ ಕಾಲಿಡಬೇಕು, ಯಾಕಂದ್ರೆ ನೀವು ತುಳಿದ ಜಾಗ ಎಷ್ಟೋ ವರ್ಷ ಸರಿಹೋಗಲ್ಲ. ಆಮೇಲೆ ಒಂದು ಕಬ್ಬಿಣದ ಸರಳು ತಗೊಂಡು ನೆಲಕ್ಕೆ ಚುಚ್ಚಿ, 'ಠಕ್' ಅಂತ ಹೆಪ್ಪುಗಟ್ಟಿದ ಪದರಕ್ಕೆ ತಾಗೋವರೆಗೂ ಒತ್ತಿ, ಎಷ್ಟು ಸೆಂಟಿಮೀಟರ್ ಒಳಗೆ ಹೋಯ್ತು ಅಂತ ಬರ್ಕೋಬೇಕು, ಬೇಸಿಗೆಯಲ್ಲಿ ಕರಗೋ ಆ ಮೇಲ್ಪದರದ ದಪ್ಪ ಅದು. ಮಾರನೇ ದಿನ ಇದೇ ಕೆಲಸ, ಪಕ್ಕದ ಪ್ಲಾಟಲ್ಲಿ.

ಇಷ್ಟು ಬಿಡಿಸಿ ಹೇಳಿದ್ದು ಯಾಕಂದ್ರೆ, ಟೀಮ್ ಲೀಡರ್ ಒಬ್ಬರು ಹೊಸಬರನ್ನ ಆರಿಸುವಾಗ ನೋಡೋದು ಇದನ್ನೇ. ಹಿಮ ನೋಡಿದೀರಾ, ಟ್ರೆಕ್ಕಿಂಗ್ ಮಾಡಿದೀರಾ ಅಂತಲ್ಲ. ಒಂದೇ ಕೆಲಸವನ್ನ ನೂರನೇ ಸಲನೂ ಮೊದಲನೇ ಸಲದಷ್ಟೇ ನಿಗಾ ಇಟ್ಟು ಮಾಡ್ತೀರಾ, ಗೊತ್ತಿಲ್ಲದ ಗಿಡಕ್ಕೆ ಊಹೆ ಮಾಡಿ ಹೆಸರು ಬರೀದೆ 'ಗೊತ್ತಿಲ್ಲ' ಅಂತ ಬರೀತೀರಾ, ಸಂಜೆ ಸುಸ್ತಾಗಿದ್ರೂ ಡೇಟಾ ಶೀಟ್ ಫೋಟೋ ತೆಗೆದು ಬ್ಯಾಕಪ್ ಮಾಡ್ತೀರಾ, ಚಿಕ್ಕ ಜಾಗದಲ್ಲಿ ನಾಲ್ಕು ಜನರ ಜೊತೆ ವಾರಗಟ್ಟಲೆ ಹೊಂದ್ಕೊಂಡು ಇರ್ತೀರಾ. ಇದನ್ನ ತೋರಿಸೋಕೆ ಟಂಡ್ರಾನೇ ಬೇಕಿಲ್ಲ, ಪುಣೆಯಲ್ಲೇ ಆಗುತ್ತೆ, ಈ ವಾರದಿಂದಲೇ ಆಗುತ್ತೆ.

ಹೇಗಂತ ಹೇಳ್ತೀನಿ. ಸಹ್ಯಾದ್ರಿಯ ಕಲ್ಲು ಪ್ರಸ್ಥಭೂಮಿಗಳು, ಸಾತಾರಾ ಹತ್ರದ ಕಾಸ್ ಪಠಾರ್ ನೋಡಿರ್ತೀರಿ, ನಮ್ಮ ಗೋವಾದ ಜಂಬಿಟ್ಟಿಗೆ ಸಡಾಗಳೂ ಹಾಗೇ, ಅಲ್ಲಿ ಮಣ್ಣು ತೆಳು, ಮರ ಇಲ್ಲ, ಗಿಡಗಳಿಗೆ ಸಿಗೋದು ಮಳೆ ಶುರುವಾಗಿ ನಿಲ್ಲೋವರೆಗಿನ ಮೂರು-ನಾಲ್ಕು ತಿಂಗಳು, ಅಷ್ಟರಲ್ಲೇ ಮೊಳೆತು ಹೂಬಿಟ್ಟು ಬೀಜ ಕಟ್ಟಿ ಮುಗಿಸ್ಬೇಕು. ಕಾರಣ ಬೇರೆ, ಅಲ್ಲಿ ಚಳಿ ಇಲ್ಲಿ ಬರ, ಆದ್ರೆ ಕೆಲಸದ ವಿಧಾನ ಹೆಚ್ಚುಕಮ್ಮಿ ಅದೇ. ಕಾಸ್‌ನಲ್ಲಿ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಪ್ಲಾಟ್ ಹಾಕೋ ಹಾಗಿಲ್ಲ, ಹಾಕ್ಬೇಡಿ ಕೂಡ. ಕ್ಯಾಂಪಸ್ಸಲ್ಲೇ ಒಂದು ಹುಲ್ಲುಗಾವಲಿನ ತುಂಡು ಇದ್ರೆ ಸಾಕು, ಇಲ್ಲಾ ಪುಣೆಯ ವೇತಾಳ್ ಟೇಕಡಿ ಗುಡ್ಡದ ಥರದ ಕಡೆ ಗೈಡ್ ಮೂಲಕ ಅನುಮತಿ ಕೇಳಿ. ಐದಾರು ಖಾಯಂ ಪ್ಲಾಟ್, ನಾನು ಹೇಳಿದ ಆ ನೂರು ಬಿಂದುವಿನ ಫ್ರೇಮ್, ಪಿವಿಸಿ ಪೈಪು ಮತ್ತೆ ದಾರದಲ್ಲಿ ನೀವೇ ಕಟ್ಕೋಬಹುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೂರು ದಿನಕ್ಕೊಮ್ಮೆ ಹೋಗಿ ಯಾವ ಗಿಡ ಯಾವಾಗ ಮೊಗ್ಗು, ಯಾವಾಗ ಹೂ, ಯಾವಾಗ ಒಣಗ್ತು ಅಂತ ಬರ್ಕೊಳ್ಳಿ. ಅದೇ ಪ್ಲಾಟನ್ನ ಒಂದೇ ದಿನ ನೀವೊಮ್ಮೆ ನಿಮ್ಮ ಗೆಳತಿ ಒಮ್ಮೆ ಅಳೆದು ಇಬ್ಬರ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ ಬರುತ್ತೆ ಅಂತಲೂ ನೋಡಿ, ಆ ವ್ಯತ್ಯಾಸವನ್ನ ಒಂದು ಗ್ರಾಫ್ ಮಾಡಿ ಇಟ್ಕೊಂಡಿರೋ ಎಂ.ಎಸ್ಸಿ. ಹುಡುಗಿ ಸಿಕ್ಕಿದ್ರೆ ನಾನಂತೂ ಬಿಡಲ್ಲ.

ಇನ್ನೊಂದು ಟೀ ಬ್ಯಾಗ್ ಪ್ರಯೋಗ. 2013ರಲ್ಲಿ ಡಚ್ ಸಂಶೋಧಕರು ಶುರು ಮಾಡಿದ ವಿಧಾನ, ಟಂಡ್ರಾದಲ್ಲೂ ಬೇಕಾದಷ್ಟು ಬಳಸಿದಾರೆ. ಒಂದು ಗ್ರೀನ್ ಟೀ ಬ್ಯಾಗು, ಒಂದು ರೂಯಿಬೋಸ್ ಅನ್ನೋ ಕೆಂಪು ಗಿಡಮೂಲಿಕೆ ಚಹಾದ ಬ್ಯಾಗು, ಎರಡನ್ನೂ ತೂಕ ಮಾಡಿ 8 ಸೆಂಟಿಮೀಟರ್ ಆಳದಲ್ಲಿ ಹೂತು, ಸುಮಾರು 90 ದಿನ ಬಿಟ್ಟು ತೆಗೆದು, ಮಣ್ಣು ಬಿಡಿಸಿ, 70 ಡಿಗ್ರಿ ಓವನಲ್ಲಿ ಎರಡು ದಿನ ಒಣಗಿಸಿ ಮತ್ತೆ ತೂಕ ಮಾಡೋದು. ಗ್ರೀನ್ ಟೀ ಬೇಗ ಕೊಳೆಯುತ್ತೆ, ರೂಯಿಬೋಸ್ ನಿಧಾನ, ಎರಡನ್ನೂ ಸೇರಿಸಿ ಲೆಕ್ಕ ಹಾಕಿದ್ರೆ ಆ ಮಣ್ಣಲ್ಲಿ ಕೊಳೆಯೋ ವೇಗ ಎಷ್ಟು, ಎಷ್ಟು ಭಾಗ ಕೊಳೆಯದೆ ಉಳ್ಕೊಳುತ್ತೆ ಅಂತ ಸಿಗುತ್ತೆ. ಬ್ಯಾಗಿನ ಬಟ್ಟೆ ಮತ್ತು ಬ್ರ್ಯಾಂಡ್ ಯಾವುದಿರಬೇಕು ಅಂತ ಪದ್ಧತಿಯಲ್ಲೇ ಹೇಳಿರ್ತಾರೆ, ಕೈಗೆ ಸಿಕ್ಕಿದ್ದು ಹಾಕಿದ್ರೆ ಬೇರೆಯವರ ಲೆಕ್ಕದ ಜೊತೆ ಹೋಲಿಸೋಕೆ ಆಗಲ್ಲ, ಅದೊಂದು ನೋಡ್ಕೊಳ್ಳಿ. ಮಳೆಗಾಲಕ್ಕೊಮ್ಮೆ ಚಳಿಗಾಲಕ್ಕೊಮ್ಮೆ ಹೂತ್ರೆ ನಿಮ್ಮ ಡಿಸರ್ಟೇಶನ್ನಿನ ಒಂದು ಅಧ್ಯಾಯ ತಯಾರು.

ಲೈಕೆನ್ ಮತ್ತು ಹಾವಸೆ ಗುರುತಿಸೋದು ಕಲಿತ್ರೆ ನಿಮ್ಮ ಬೆಲೆನೇ ಬೇರೆ, ಯಾಕಂದ್ರೆ ಹೂಗಿಡ ಗುರುತಿಸೋರು ಎಲ್ಲ ಕಡೆ ಇದಾರೆ, ಇವನ್ನ ಗುರುತಿಸೋರು ಇಲ್ಲ. ಪುಣೆಯಲ್ಲಿ ಇದಕ್ಕೆ ಜಾಗ ಇದೆ, ಅಗರ್ಕರ್ ಸಂಶೋಧನಾ ಸಂಸ್ಥೆಯ ಹರ್ಬೇರಿಯಂನಲ್ಲಿ, ಅಂದ್ರೆ ಒಣಗಿಸಿಟ್ಟ ಮಾದರಿಗಳ ಭಂಡಾರದಲ್ಲಿ, ಲೈಕೆನ್ ಸಂಗ್ರಹ ಇದೆ, ಬೊಟಾನಿಕಲ್ ಸರ್ವೆಯ ಪಶ್ಚಿಮ ವಲಯ ಕಚೇರಿನೂ ನಿಮ್ಮೂರಲ್ಲೇ ಇದೆ. ಗೈಡ್ ಹತ್ರ ಪತ್ರ ತಗೊಂಡು ಹೋಗಿ, ಎರಡು ವಾರ ಕೂತು ನೋಡ್ತೀನಿ ಅಂತ ಕೇಳಿ. ಅಡುಗೆಮನೇಲಿ ಮಸಾಲೆಗೆ ಹಾಕೋ ಕಲ್ಲುಹೂವಿಂದಲೇ ಶುರು ಮಾಡ್ಬಹುದು, ಅದೂ ಲೈಕೆನ್ನೇ, ಲೆನ್ಸ್ ಕೆಳಗೆ ಇಟ್ಟು ನೋಡಿದ್ರೆ ಭಾಗಗಳೆಲ್ಲ ಚೆನ್ನಾಗಿ ಕಾಣ್ತವೆ.

ಇದರ ಜೊತೆಗೆ ಅಂಕಿಅಂಶದ ಲೆಕ್ಕಕ್ಕೆ ಬಳಸೋ ಆರ್ (R) ಪ್ರೋಗ್ರಾಮಿಂಗ್. ಬೇರೆ ಮಾತಿಲ್ಲ, ಕಲೀಲೇಬೇಕು. ಟಂಡ್ರಾದ ಎಷ್ಟೋ ಹಳೇ ಡೇಟಾ ಈಗ ಬಿಟ್ಟಿಯಾಗಿ ಸಿಗುತ್ತೆ, ಅಮೆರಿಕದ ಆರ್ಕ್ಟಿಕ್ ಡೇಟಾ ಸೆಂಟರ್, ಜರ್ಮನಿಯ ಪಂಜಿಯಾ ಇಂಥ ಕಡೆ ಹುಡುಕಿ, ಗಿಡಗಳ ಎತ್ತರ, ಹೂಬಿಡೋ ದಿನ, ಮಣ್ಣಿನ ಉಷ್ಣಾಂಶ ಎಲ್ಲ ಇದೆ. ಒಂದು ಡೇಟಾ ಸೆಟ್ ಇಳಿಸ್ಕೊಂಡು, ಅದರ ಪೇಪರಲ್ಲಿರೋ ಒಂದು ಗ್ರಾಫನ್ನ ನೀವೇ ಮತ್ತೆ ಬಿಡಿಸೋಕೆ ಪ್ರಯತ್ನ ಮಾಡಿ. ಅದು ಸರಿಯಾಗಿ ಬಂದ ದಿನ ನಿಮಗೆ ಟಂಡ್ರಾ ಇಕಾಲಜಿಯ ಅರ್ಧ ಭಾಷೆ ಬಂದ ಹಾಗೆ, ಒಂದು ರೂಪಾಯಿ ಖರ್ಚಿಲ್ಲದೆ.

ಈಗ ಹೊರದೇಶದ ಮಾತು, ಅದರ ಜೊತೆಗೇ ದುಡ್ಡಿನ ಮಾತು. ಇಲ್ಲಿ ಒಂದು ವಿಷಯ ನಮ್ಮ ಮಕ್ಕಳಿಗೆ ಯಾರೂ ಸರಿಯಾಗಿ ಹೇಳಲ್ಲ. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್‌ಲ್ಯಾಂಡ್‌ನಲ್ಲಿ ಮಾಸ್ಟರ್ಸ್ ಮಾಡೋಕೆ ಯುರೋಪ್ ಹೊರಗಿನವರು ಫೀಸ್ ಕಟ್ಬೇಕು, ನಾರ್ವೆ ಕೂಡ 2023ರಿಂದ ಶುರು ಮಾಡಿದೆ, ಅದರ ಮೇಲೆ ಅಲ್ಲಿನ ಜೀವನದ ಖರ್ಚು. ಆದ್ರೆ ಅದೇ ದೇಶಗಳಲ್ಲಿ ಪಿಎಚ್.ಡಿ. ಅನ್ನೋದು ಬಹುತೇಕ ಸಂಬಳದ ಕೆಲಸ, ಜಾಹೀರಾತು ಕೊಟ್ಟು ನೌಕರಿಗೆ ತಗೊಂಡ ಹಾಗೆ ತಗೋತಾರೆ, ಫೀಲ್ಡ್ ಖರ್ಚು ಸಾಮಾನ್ಯವಾಗಿ ಪ್ರಾಜೆಕ್ಟಿಂದ ಬರುತ್ತೆ. ಹಾಗಾಗಿ ಇಲ್ಲಿ ಎಂ.ಎಸ್ಸಿ. ಚೆನ್ನಾಗಿ ಮುಗಿಸಿ ಅಲ್ಲಿ ಪಿಎಚ್.ಡಿ.ಗೆ ಹೋಗೋದು ನಿಮ್ಮಂಥ ಮನೆಯವರಿಗೆ ಸರಿಯಾದ ದಾರಿ, ಎರಡನೇ ಮಾಸ್ಟರ್ಸ್‌ಗೆ ಅಂತ ಸಾಲ ಮಾಡ್ಬೇಡಿ ಅಂತ ನಾನು ಗಟ್ಟಿಯಾಗೇ ಹೇಳ್ತೀನಿ. ನಾರ್ವೆದಕ್ಕೆ ಜಾಬ್‌ನಾರ್ಗೆ, ಯುರೋಪ್ ಒಟ್ಟಾರೆ ಯುರಾಕ್ಸೆಸ್, ಈ ಎರಡು ಸೈಟಲ್ಲಿ ಅಲರ್ಟ್ ಹಾಕಿಡಿ. ಟ್ರೊಮ್ಸೋ, ಉಮೆಯೊ, ಗೋಥೆನ್‌ಬರ್ಗ್, ಹೆಲ್ಸಿಂಕಿ, ಔಲು, ಕೋಪನ್‌ಹೇಗನ್, ಆರ್ಹುಸ್, ಈ ಯೂನಿವರ್ಸಿಟಿಗಳ ಹೆಸರು ನೋಡ್ತಾ ಇರಿ. ಜರ್ಮನಿಯಲ್ಲಿ ಪರ್ಮಾಫ್ರಾಸ್ಟ್ ಅಂದ್ರೆ ಪಾಟ್ಸ್‌ಡಾಮ್‌ನ ಆಲ್ಫ್ರೆಡ್ ವೆಗೆನರ್ ಸಂಸ್ಥೆ, ಹೊರದೇಶದವರಿಗೆ ಜರ್ಮನಿ ಕೊಡೋ ಡಿಎಎಡಿ (DAAD) ಸ್ಕಾಲರ್‌ಶಿಪ್ ಕೂಡ ಇದೆ.

ಯಾವ ಯೂನಿವರ್ಸಿಟಿ ಯಾವ ಸ್ಟೇಷನ್ ಜೊತೆ ಕೆಲಸ ಮಾಡುತ್ತೆ ಅಂತ ತಿಳ್ಕೊಂಡ್ರೆ ಹುಡುಕೋದು ಸುಲಭ. ಸ್ವೀಡನ್‌ನ ಅಬಿಸ್ಕೊ, ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿ.ಮೀ. ಉತ್ತರಕ್ಕಿದೆ, ರೈಲಲ್ಲೇ ಹೋಗ್ಬಹುದು, ನೂರು ವರ್ಷಕ್ಕೂ ಹಿಂದಿನ ಹವಾಮಾನ ದಾಖಲೆ ಇದೆ, ಉಮೆಯೊದವರ ನೆಲೆ ಅಲ್ಲಿದೆ. ಫಿನ್‌ಲ್ಯಾಂಡ್‌ನ ಕಿಲ್ಪಿಸ್‌ಯಾರ್ವಿ ಹೆಲ್ಸಿಂಕಿ ಯೂನಿವರ್ಸಿಟಿದು. ಗ್ರೀನ್‌ಲ್ಯಾಂಡ್‌ನ ಡಿಸ್ಕೊ ದ್ವೀಪದಲ್ಲಿರೋ ಆರ್ಕ್ಟಿಕ್ ಸ್ಟೇಷನ್ 1906ರದ್ದು, ಕೋಪನ್‌ಹೇಗನ್‌ನವರದ್ದು, ಇನ್ನೂ ಮೇಲೆ 74 ಡಿಗ್ರಿಯಲ್ಲಿ ಝಾಕೆನ್‌ಬರ್ಗ್. ಅಲಾಸ್ಕಾದ ಟೂಲಿಕ್ ಸ್ಟೇಷನ್ 1975ರಿಂದ ಇದೆ, ಅಲ್ಲಿನ ದೀರ್ಘಾವಧಿ ಅಧ್ಯಯನ 1987ರಿಂದ ನಡೀತಿದೆ, ಅಮೆರಿಕದ ಪ್ರೊಫೆಸರ್‌ಗಳ ಪ್ರಾಜೆಕ್ಟ್ ಮೂಲಕ ಸ್ಟೂಡೆಂಟ್ಸ್ ಹೋಗ್ತಾರೆ, ನೀವು ಭಾರತದಲ್ಲೇ ಪಿಎಚ್.ಡಿ. ಮಾಡ್ತಾ ಇದ್ರೆ ಫುಲ್‌ಬ್ರೈಟ್-ನೆಹರೂ ಡಾಕ್ಟೋರಲ್ ಫೆಲೋಶಿಪ್ ಹಾಕ್ಕೊಂಡು ಕೆಲವು ತಿಂಗಳು ಅಂಥ ಲ್ಯಾಬಲ್ಲಿ ಇದ್ದು ಬರಬಹುದು. ಕೆನಡಾದಲ್ಲಿ ಜಾಗಗಳು ಬಹಳ, ಆದ್ರೆ ಅಲ್ಲಿನ ಉತ್ತರದ ತರಬೇತಿ ಅನುದಾನ ಅಲ್ಲಿನ ನಾಗರಿಕರಿಗೆ ಮತ್ತು ಖಾಯಂ ನಿವಾಸಿಗಳಿಗೆ ಮಾತ್ರ, ಗೈಡ್ ಹತ್ರ ದುಡ್ಡಿದ್ರೆ ಸರಿ. ರಷ್ಯಾದ್ದು 2022ರ ನಂತರ ಕಷ್ಟ, ಈಗ ಬಿಟ್ಬಿಡಿ.

ಸ್ವಾಲ್‌ಬಾರ್ಡ್‌ನ ಲಾಂಗ್‌ಇಯರ್‌ಬ್ಯೆನ್‌ನಲ್ಲಿ ಯೂನಿಸ್ ಅಂತ 1993ರಲ್ಲಿ ಶುರುವಾದ ಯೂನಿವರ್ಸಿಟಿ ಸೆಂಟರ್ ಇದೆ, ಬೇರೆ ಕಡೆ ರಿಜಿಸ್ಟರ್ ಆಗಿರೋ ಮಾಸ್ಟರ್ಸ್, ಪಿಎಚ್.ಡಿ. ಸ್ಟೂಡೆಂಟ್ಸ್ ಅಲ್ಲಿನ ಆರ್ಕ್ಟಿಕ್ ಬಯಾಲಜಿ ಕೋರ್ಸ್‌ಗಳಿಗೆ ಅರ್ಜಿ ಹಾಕಬಹುದು, ಫೀಲ್ಡ್‌ವರ್ಕ್ ಕೋರ್ಸಿನ ಒಳಗೇ ಬರುತ್ತೆ. ಬಂದವರಿಗೆ ಮೊದಲು ಸೇಫ್ಟಿ ತರಬೇತಿ, ಹಿಮಕರಡಿ ಇರೋ ಜಾಗ ಆದ್ದರಿಂದ ಬಂದೂಕು ಹಿಡಿಯೋದೂ ಕಲಿಸ್ತಾರೆ. ಊರು ಮಾತ್ರ ದುಬಾರಿ. ಇನ್ನು ಇಂಟರಾಕ್ಟ್ ಅಂತ ಆರ್ಕ್ಟಿಕ್ ಸುತ್ತಲಿನ ಹತ್ತಾರು ಸ್ಟೇಷನ್‌ಗಳ ಜಾಲ ಇದೆ, 2024ರಲ್ಲಿ ಶುರುವಾದ ಪೋಲಾರಿನ್ ಅನ್ನೋ ಯುರೋಪಿಯನ್ ಯೋಜನೆಯೂ ಇದೆ, ಇಂಥವುಗಳಿಂದ ಆಗಾಗ ಸ್ಟೇಷನ್ ಬಳಸೋಕೆ ಕರೆ ಬರುತ್ತೆ, ಆಯ್ಕೆ ಆದ ಟೀಮಿಗೆ ಖರ್ಚಲ್ಲಿ ನೆರವು ಸಿಗುತ್ತೆ. ಯಾವ ದೇಶದವರು, ಟೀಮಲ್ಲಿ ಎಷ್ಟು ಜನ ಅನ್ನೋ ಷರತ್ತು ಪ್ರತಿ ಕರೆಯಲ್ಲೂ ಓದಿ. ಎಪೆಕ್ಸ್ ಅಂತ ಧ್ರುವ ಸಂಶೋಧನೆಗೆ ಹೊಸದಾಗಿ ಬಂದವರ ಸಂಘ ಇದೆ, ಅದರ ಮೇಲಿಂಗ್ ಲಿಸ್ಟ್‌ಗೆ ಇವತ್ತೇ ಸೇರ್ಕೊಳ್ಳಿ, ಇಂಥ ಕರೆಗಳೆಲ್ಲ ಮೊದಲು ಬರೋದು ಅಲ್ಲೇ.

ಹಿಮಾಲಯ ಮರೀಬೇಡಿ. ಮರ ಬೆಳೆಯೋ ಗಡಿಯಿಂದ ಮೇಲಿನ ಹುಲ್ಲುಗಾವಲನ್ನ ಆಲ್ಪೈನ್ ಟಂಡ್ರಾ ಅಂತಲೇ ಕರೀತಾರೆ, ಐಟೆಕ್ಸ್ ಥರದ ಅಧ್ಯಯನಗಳಲ್ಲಿ ಆಲ್ಪೈನ್ ಜಾಗಗಳೂ ಸೇರಿರ್ತವೆ. ಎಲ್ಲವೂ ಒಂದೇ ಅಲ್ಲ, ಅಲ್ಲಿ ಬೇಸಿಗೆಯಲ್ಲೂ ರಾತ್ರಿ ಆಗುತ್ತೆ, ಪರ್ಮಾಫ್ರಾಸ್ಟ್ ಅಲ್ಲಲ್ಲಿ ಮಾತ್ರ, ಕುರಿ-ಯಾಕ್ ಮೇವಿನ ಪ್ರಭಾವ ಜಾಸ್ತಿ. ಹಿಮಾಚಲದ ಸ್ಪಿತಿಯ ಕಿಬ್ಬರ್ ಕಡೆ ನಮ್ಮ ಬೆಂಗಳೂರಿನ ಐಐಎಸ್ಸಿಯವರು ಬೇಲಿ ಹಾಕಿ, ಮೇವು ಇರೋ ಜಾಗ ಇಲ್ಲದ ಜಾಗ ಹೋಲಿಸಿ, ಮಣ್ಣಿನ ಇಂಗಾಲದ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದಾರೆ. ಡೆಹ್ರಾಡೂನ್‌ನ ವನ್ಯಜೀವಿ ಸಂಸ್ಥೆ, ಅಲ್ಮೋರಾ ಹತ್ರದ ಜಿ.ಬಿ. ಪಂತ್ ಸಂಸ್ಥೆಯಲ್ಲೂ ಎತ್ತರದ ಪ್ರದೇಶದ ಕೆಲಸ ಇದೆ. ಅದೇ ಲಾಹೌಲ್-ಸ್ಪಿತಿ ಜಿಲ್ಲೆಯಲ್ಲಿ ಎನ್‌ಸಿಪಿಒಆರ್‌ನ ಹಿಮಾಂಶ್ ಸ್ಟೇಷನ್ 2016ರಿಂದ ಇದೆ, ಅದು ಮುಖ್ಯವಾಗಿ ಗ್ಲೇಸಿಯರ್‌ಗೆ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಸಿಕ್ಕಿದ್ರೆ ತಿಂಗಳಿಗೆ 37,000 ರೂಪಾಯಿ ಬರುತ್ತೆ, ಅದನ್ನ ಇಟ್ಕೊಂಡು ಇಂಥ ಗೈಡ್ ಹತ್ರ ಹೋದ್ರೆ ಅವರಿಗೂ ಹೂಂ ಅನ್ನೋದು ಸುಲಭ. ಹಿಮಾಲಯದಲ್ಲಿ ಎರಡು ಸೀಸನ್ ಚೆನ್ನಾಗಿ ಮಾಡಿದವರನ್ನ ಆರ್ಕ್ಟಿಕ್ ಟೀಮಿನವರು ಗಂಭೀರವಾಗಿ ತಗೋತಾರೆ. ಅಂಟಾರ್ಕ್ಟಿಕಾ ಅಂತ ಕೆಲವರು ಹೇಳ್ತಾರೆ, ಆದ್ರೆ ಇಡೀ ಖಂಡದಲ್ಲಿ ಸ್ಥಳೀಯ ಹೂಗಿಡ ಇರೋದೇ ಎರಡು ಜಾತಿ, ಅವೂ ನಮ್ಮ ಮೈತ್ರಿ, ಭಾರತಿ ಸ್ಟೇಷನ್‌ಗಳಿಂದ ಬಹಳ ದೂರ ಪೆನಿನ್ಸುಲಾ ಕಡೆ. ಹಾವಸೆ, ಲೈಕೆನ್, ಸೂಕ್ಷ್ಮಜೀವಿ ನಿಮ್ಮ ವಿಷಯ ಆದ್ರೆ ಸರಿ.

ಪ್ರೊಫೆಸರ್‌ಗೆ ಇಮೇಲ್ ಬರೆಯೋದರಲ್ಲಿ ನಮ್ಮ ಮಕ್ಕಳು ಸೋಲ್ತಾರೆ. 'ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಪ್ಯಾಶನೇಟ್' ಅಂತ ಐವತ್ತು ಜನಕ್ಕೆ ಒಂದೇ ಪತ್ರ ಕಳಿಸಿದ್ರೆ ಯಾರೂ ಓದಲ್ಲ. ಐದಾರು ಜನರನ್ನ ಆರಿಸ್ಕೊಳ್ಳಿ, ಪ್ರತಿಯೊಬ್ಬರ ಎರಡು ಪೇಪರ್ ನಿಜವಾಗ್ಲೂ ಓದಿ. ಪತ್ರ ಚಿಕ್ಕದಿರಲಿ: ನಾನು ಯಾರು, ನಿಮ್ಮ ಈ ಪೇಪರಲ್ಲಿ ಈ ಭಾಗದ ಬಗ್ಗೆ ನನಗೆ ಈ ಪ್ರಶ್ನೆ ಬಂತು, ನಾನು ಇಲ್ಲಿ ಪುಣೆಯಲ್ಲಿ ಇಂಥ ಪ್ಲಾಟ್‌ಗಳಲ್ಲಿ ಇದನ್ನ ಅಳೆದಿದೀನಿ, ಗ್ರಾಫ್ ಜೊತೆಗಿದೆ, ಮುಂದಿನ ವರ್ಷ ಪಿಎಚ್.ಡಿ. ಜಾಗ ಅಥವಾ ಫೀಲ್ಡ್ ಅಸಿಸ್ಟೆಂಟ್ ಕೆಲಸ ಇದ್ರೆ ತಿಳಿಸಿ. ಒಂದು ಪುಟದ ಸಿವಿ. ಅಷ್ಟೇ. ಎರಡು ವಾರ ಉತ್ತರ ಬರದಿದ್ರೆ ಒಂದು ಸಲ ನೆನಪಿಸಿ. ಜೂನ್‌ನಿಂದ ಆಗಸ್ಟ್ ಮಧ್ಯೆ ಬರೀಬೇಡಿ, ಆಗ ಅವರೇ ಫೀಲ್ಡಲ್ಲಿರ್ತಾರೆ.

ಒಂದು ಎಚ್ಚರಿಕೆ. ಆರ್ಕ್ಟಿಕ್ ರಿಸರ್ಚ್ ಎಕ್ಸ್‌ಪೆಡಿಷನ್ ಅಂತ ಹೇಳಿ ಸ್ಟೂಡೆಂಟ್ಸ್ ಹತ್ರ ಲಕ್ಷಗಟ್ಟಲೆ ಕೇಳೋರು ಇದಾರೆ. ಸರ್ಟಿಫಿಕೇಟ್ ಸಿಗುತ್ತೆ, ಫೋಟೋ ಬರುತ್ತೆ, ಪಿಎಚ್.ಡಿ. ಆಯ್ಕೆಯಲ್ಲಿ ಅದಕ್ಕೆ ಕಿಮ್ಮತ್ತಿಲ್ಲ. ನಿಜವಾದ ಪ್ರಾಜೆಕ್ಟಲ್ಲಿ ಅಸಿಸ್ಟೆಂಟ್‌ಗೆ ಸಂಬಳ ಇರುತ್ತೆ, ಇಲ್ಲದಿದ್ರೂ ಊಟ-ವಸತಿ ಆದ್ರೂ ಅವರದ್ದೇ. ನಿಮ್ಮ ಅಪ್ಪ ಹೊಲ ಅಡ ಇಟ್ಟು ಕಳಿಸೋ ಜಾಗ ಅಲ್ಲ ಇದು.

ಅಪ್ಪ-ಅಮ್ಮನ ಭಯದ ಬಗ್ಗೆ. ಹೆದರೋದು ಸಹಜ, ಅವರಿಗೆ ನಿಜ ವಿಷಯ ಹೇಳಿ. ಬೇಸಿಗೆಯಲ್ಲಿ ನ್ಯೂ ಓಲೆಸುಂಡ್‌ನಲ್ಲಿ ಜುಲೈ ಸರಾಸರಿ 5-6 ಡಿಗ್ರಿ ಇರುತ್ತೆ, ಮೈನಸ್ ನಲವತ್ತಲ್ಲ. ಅಲ್ಲಿ ಹೆಚ್ಚುಕಮ್ಮಿ ಹತ್ತು ದೇಶಗಳ ಸ್ಟೇಷನ್‌ಗಳು ಒಂದೇ ಚಿಕ್ಕ ಊರಲ್ಲಿವೆ, ಊಟ ಎಲ್ಲರಿಗೂ ಒಂದೇ ಮೆಸ್ಸಲ್ಲಿ, ಸಸ್ಯಾಹಾರಿ ಆದ್ರೆ ಮುಂಚೆನೇ ಹೇಳಿಡಿ. ಊರಿನ ಗಡಿ ದಾಟಿ ಒಬ್ಬರೇ, ಬಂದೂಕಿಲ್ಲದೆ, ಹೇಳದೆ ಹೋಗೋ ಹಾಗಿಲ್ಲ, ನಿಯಮ ಬಿಗಿ, ಅದೇ ಸುರಕ್ಷತೆ. ಹೆಣ್ಣುಮಕ್ಕಳು ಹೋಗ್ತಾರಾ ಅಂತ ಕೇಳಿದ್ರೆ ಅದಿತಿ ಪಂತ್ ಅವರ ಹೆಸರು ಹೇಳಿ, ನಿಮ್ಮ ಪುಣೆಯಲ್ಲೇ ಓದಿ, ನಮ್ಮ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಎನ್‌ಐಒದಲ್ಲಿ ವಿಜ್ಞಾನಿ ಆಗಿದ್ದು, 1983-84ರ ಮೂರನೇ ಅಂಟಾರ್ಕ್ಟಿಕಾ ಎಕ್ಸ್‌ಪೆಡಿಷನ್‌ಗೆ ಸುದೀಪ್ತಾ ಸೇನ್‌ಗುಪ್ತಾ ಅವರ ಜೊತೆ ಹೋದವರು, ಭಾರತದ ಅಂಟಾರ್ಕ್ಟಿಕಾ ಎಕ್ಸ್‌ಪೆಡಿಷನ್‌ಗಳಲ್ಲಿ ಹೋದ ಮೊದಲ ಮಹಿಳೆಯರು ಅವರಿಬ್ಬರು. ಆದ್ರೂ ಯಾವ ಟೀಮ್ ಸೇರೋ ಮುಂಚೆನೂ ಅಲ್ಲಿ ಹೋಗಿ ಬಂದ ಹುಡುಗಿಯರ ಹತ್ರ ಮಾತಾಡಿ, ಟೆಂಟ್ ವ್ಯವಸ್ಥೆ, ಟಾಯ್ಲೆಟ್, ಮುಟ್ಟಿನ ದಿನಗಳು, ತೊಂದರೆ ಆದ್ರೆ ಯಾರಿಗೆ ಹೇಳೋದು, ಎಲ್ಲ ಬಾಯ್ಬಿಟ್ಟು ಕೇಳಿ. ಇದನ್ನ ಕೇಳಿದ್ದಕ್ಕೆ ಮುಖ ಗಂಟಿಕ್ಕೋ ಟೀಮಿಗೆ ಹೋಗ್ಲೇಬೇಡಿ.

ವೀಸಾ ವಿಷಯದಲ್ಲಿ ಒಂದು ಸಣ್ಣ ಗಂಟಿದೆ. 1920ರ ಒಪ್ಪಂದದ ಪ್ರಕಾರ ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ, ಭಾರತವೂ ಆ ಒಪ್ಪಂದದಲ್ಲಿದೆ. ಆದ್ರೆ ಅಲ್ಲಿಗೆ ಹೋಗೋದು ಓಸ್ಲೋ ಮೇಲೆ, ಅದು ಒಂದೇ ವೀಸಾ ನಡೆಯೋ ಯುರೋಪ್ ದೇಶಗಳ ಗುಂಪಾದ ಶೆಂಗೆನ್ ಒಳಗೆ, ಸ್ವಾಲ್‌ಬಾರ್ಡ್ ಶೆಂಗೆನ್ ಹೊರಗೆ. ಅಂದ್ರೆ ಒಮ್ಮೆ ಹೊರಗೆ ಹೋಗಿ ಮತ್ತೆ ಒಳಗೆ ಬಂದ ಲೆಕ್ಕ, ಕನಿಷ್ಠ ಡಬಲ್ ಎಂಟ್ರಿ ವೀಸಾನೇ ಬೇಕು. ಸಿಂಗಲ್ ತಗೊಂಡ್ರೆ ವಾಪಸ್ ಬರುವಾಗ ಸಿಕ್ಕಿಹಾಕ್ಕೋತೀರಿ.

ನಿಮ್ಮ ಕೈಲಿರೋ ಸಮಯಕ್ಕೆ ಹೀಗೆ ಮಾಡಿ ಅನ್ನಬಹುದು: ಡಿಸರ್ಟೇಶನ್ ವಿಷಯ ಇನ್ನೂ ಬದಲಾಯಿಸೋಕೆ ಆಗುತ್ತೆ ಅಂದ್ರೆ ಪ್ಲಾಟ್ ಮತ್ತೆ ಟೀ ಬ್ಯಾಗ್ ಕಡೆ ತಿರುಗಿಸಿ, ಡಿಸೆಂಬರ್ ನೆಟ್‌ಗೆ ಕೂತ್ಕೊಳ್ಳಿ, ಎನ್‌ಸಿಪಿಒಆರ್ ವೆಬ್‌ಸೈಟಲ್ಲಿ ಇಂಟರ್ನ್‌ಶಿಪ್ ಮತ್ತು ಪ್ರಾಜೆಕ್ಟ್ ಹುದ್ದೆಗಳ ಸೂಚನೆ ತಿಂಗಳಿಗೊಮ್ಮೆ ನೋಡಿ. ಊರಿಗೆ ಹೋಗುವಾಗ ಗೋವಾ ಎಕ್ಸ್‌ಪ್ರೆಸ್ ಹತ್ತಿರ್ತೀರಿ, ಅದು ಬೆಳಗಾವಿ ದಾಟಿ ವಾಸ್ಕೋವರೆಗೂ ಬರುತ್ತೆ, ಒಂದ್ಸಲ ಇಳಿಯದೆ ಮುಂದಕ್ಕೆ ಬನ್ನಿ, ಯಾರನ್ನ ಕಾಣಬೇಕು ಅಂತ ಮೊದಲೇ ಬರೆದು ಸಮಯ ತಗೊಂಡೇ ಬನ್ನಿ. ಇಮೇಲ್‌ಗಳು ಮಾತ್ರ ದಸರಾ-ದೀಪಾವಳಿ ಮಧ್ಯೆ ಹೋಗ್ಲಿ, ಅಷ್ಟೊತ್ತಿಗೆ ಆ ಪ್ರೊಫೆಸರ್‌ಗಳು ಫೀಲ್ಡಿಂದ ವಾಪಸ್ ಬಂದು ಮುಂದಿನ ಬೇಸಿಗೆಗೆ ಯಾರು ಬೇಕು ಅಂತ ಯೋಚನೆ ಮಾಡ್ತಾ ಇರ್ತಾರೆ.